ನವಿಲಿಲ್ಲದ ಟ್ರೇಲರ್

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರಾದ ಲಿಂಗಯ್ಯನವರೇ, ಮಳವಳ್ಳಿಯ ಮಕ್ಕಳಿಗೆ ಚಿತ್ರ ಕಲಿಸುವ ಅರುಂಧತಿ ಮೇಡಂ ಅವರೇ, ಗ್ಯಾರೇಜಿಗೆ ಬೀಗ ಹಾಕಿ ಬಂದಿರುವ ನನ್ನ ಮಾವ ಅಕ್ರಂ ಪಾಷಾ ಅವರೇ, ಟ್ರ್ಯಾಕ್ಟರ್ ಮಾಲೀಕರಾದ ಪುಟ್ಟರಾಜಣ್ಣನವರೇ, ಸಭಿಕರೇ,

ನಾನು ಶಬ್ರೀನ್. ಕೈಯ ಮೆಹಂದಿ ಇನ್ನೂ ಮಾಸಿಲ್ಲ, ಆಗಲೇ ಮೈಕು ಕೊಟ್ಟುಬಿಟ್ಟಿದ್ದೀರಿ! ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳೆಂದು ಮಕ್ಕಳ ಈ ಚಿತ್ರಪ್ರದರ್ಶನದಲ್ಲಿ ಅಮೆರಿಕದ ಕಲಾವಿದೆ ಎಡ್ನಾ ಹ್ಯಾರೋ ಬಗ್ಗೆ ಮಾತಾಡಲು ಮೇಡಂ ಹೇಳಿದ್ದಾರೆ. ಎಂಥ ಬದುಕು ಗೊತ್ತೇ ಅವರದು!

ಎಡ್ನಾ ಮೊದಲು ಬರೆದದ್ದು ಬೀಜದಂಗಡಿಗಳ ಬೋರ್ಡು. ಆಮೇಲೆ ಹಸು, ಕೊಟ್ಟಿಗೆ, ಹಾಲು ಕರೆಯುವ ಅಮ್ಮ. ಊರೆಲ್ಲ ಮೆಚ್ಚಿತು. ಬರೆಯುತ್ತ ಬರೆಯುತ್ತ ಚಿತ್ರದಿಂದ ಹಸು ಹೋಯಿತು. ಮರುವರ್ಷ ಕೊಟ್ಟಿಗೆಯೂ ಹೋಯಿತು. ಉಳಿದದ್ದು ಬರೀ ಹೊಲದ ಬಣ್ಣ. ಹಸು ಎಲ್ಲಿ, ಹಸು ಎಲ್ಲಿ ಎಂದು ಊರು ಕೇಳಿತು. ಸೋತುಹೋದ ಎಡ್ನಾ ಹಲಗೆಗಳ ಮೇಲೆ ಬರೆದಿದ್ದ ಚಿತ್ರಗಳನ್ನು ಕೆರೆದುಹಾಕಿ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದರು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನಮ್ಮವರು ಇಲ್ಯಾಸ್, ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರಲ್ಲ, ಅವರೇ, ಗಾಡಿಗಳಿಗೆ ಚಿತ್ರ ಬರೆಯುವವರು. ನಿನ್ನೆ ಪುಟ್ಟರಾಜಣ್ಣನವರ ಹೊಸ ಟ್ರೇಲರಿನ ಹಿಂಬದಿಗೆ ಭತ್ತದ ಪೈರಿನ ಹಸಿರು ಬಳಿದರು. ಎಳೆ ಹಸಿರು, ಅದರ ಮೇಲೊಂದು ಮಬ್ಬು ಗೆರೆ. ಅಷ್ಟೇ. ನಾನು ನೋಡುತ್ತ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿದೆ.

“ಬಣ್ಣ ಖಾಲಿಯಾಯ್ತೇನ್ಲಾ?” ಎಂದರು ಪುಟ್ಟರಾಜಣ್ಣ.

“ಮುಗೀತು ಕಣಣ್ಣ.”

“ಎಲ್ಲಿ ಮುಗೀತ್ಲಾ? ನವಿಲೆಲ್ಲಿ? ಜೋಡೆತ್ತೆಲ್ಲಿ? ಗೋಡೆಗ್ ಬಳ್ದಂಗ್ ಬಳ್ದ್‌ಬುಟ್ಟು ಮುಗೀತಂತೆ! ನಾಳೀಕೆ ಕೆರ್ದ್‌ಬುಟ್ಟು ನವಿಲು ಬರಿ.”

ಮಾವನವರು, “ಸಾಕು ಈ ಬ್ರಷ್ಷು, ಸೋಮವಾರದಿಂದ ಗ್ಯಾರೇಜಿಗೆ ಬಾ” ಎಂದರು. ನಮ್ಮವರು ಹೂಂ ಎಂದುಬಿಟ್ಟರು.

ಎಡ್ನಾ ಮತ್ತೆ ಬರೆದರೇ? ಬರೆದರು! ಹೇಗೆ? ತಂಗಿ ಒಂದು ಹಲಗೆಯನ್ನು ಕೆರೆಯಲು ಬಿಡದೆ ಒಯ್ದು ಕೋಳಿಗೂಡಿಗೆ ಬಾಗಿಲು ಮಾಡಿದ್ದಳು. ವರ್ಷಗಳ ಮೇಲೆ ಮೊಟ್ಟೆ ತರಲು ಹೋದ ಎಡ್ನಾ ಆ ಬಾಗಿಲ ಮುಂದೆ ಕುಳಿತೇಬಿಟ್ಟರು. ಅವರ ದೊಡ್ಡ ಚಿತ್ರಗಳೆಲ್ಲ ಅಲ್ಲಿಂದಾಚೆಗಿನವು. ಒಂದೇ ಒಂದು ಉಳಿದಿತ್ತು, ಅದಕ್ಕೆ.

ಪುಟ್ಟರಾಜಣ್ಣ, ನಿಮ್ಮ ಟ್ರೇಲರ್ ಹೊರಗೇ ನಿಂತಿದೆ. ಕೆರೆಸಬೇಡಿ. ಈ ಸಲದ ಕೊಯ್ಲು ಮುಗಿಯುವವರೆಗಾದರೂ ಹಾಗೇ ಓಡಲಿ. ನವಿಲು ಬೇಕೇ ಬೇಕೆಂದರೆ ನಾನೇ ಬರೆದುಕೊಡುತ್ತೇನೆ. ನನ್ನ ನವಿಲು ಕೋಳಿಯ ಹಾಗಿರುತ್ತದೆ, ಮೇಡಂ ನೋಡಿದ್ದಾರೆ! ಅಯ್ಯೋ, ಪುಟ್ಟರಾಜಣ್ಣ, ನಕ್ಕಿರಿ! ನಕ್ಕರೆ ಒಪ್ಪಿದ ಹಾಗೆ, ಇಡೀ ಸಭೆ ಸಾಕ್ಷಿ.

ಮಾವ, ಸೋಮವಾರ ಅವರು ಗ್ಯಾರೇಜಿಗೆ ಬರುವುದಿಲ್ಲ. ಮನೆಯಲ್ಲಿ ಹೇಳಲು ಹೆದರಿಕೆಯಾಗಿ ಮೈಕಿನಲ್ಲಿ ಹೇಳುತ್ತಿದ್ದೇನೆ.

ಕೇಳಿಸಿಕೊಂಡಿರಿ, ನಿಮಗೆಲ್ಲ ವಂದನೆಗಳು. ಹೋಗುವಾಗ ಆ ಹಸಿರಿನ ಮುಂದೆ ಒಂದು ಗಳಿಗೆ ನಿಲ್ಲಿ. ನಮಸ್ಕಾರ.