ಸುಟ್ಟ ಆಯಿಲ್, ಕೂಸಿನ ಪೌಡರ್

ಹುಮನಾಬಾದಿನ ಹೊರಗೆ, ದುಬಲಗುಂಡಿ ದಾರಿಯ ಹೊಸ ಪ್ಲಾಟುಗಳಿಗೆ ಇನ್ನೂ ಬೀದಿದೀಪ ಬಂದಿರಲಿಲ್ಲ. ಸಂಜೆ ಹಿಡಿದ ಮಳೆ ಬಿಡಲೊಲ್ಲದು, ಕರೆಂಟೂ ಹೋಗಿತ್ತು. ಆಮ್ರಪಾಲಿಯ ಕೂಸನ್ನು ತೊಟ್ಟಿಲಿಗೆ ಹಾಕಲು ಬಂದಿದ್ದ ಹೆಂಗಸರು ಊಟ ಮುಗಿದರೂ ಹೊರಡಲಾಗದೆ ಪಡಸಾಲೆಯಲ್ಲಿ ಒತ್ತಿಕೊಂಡು ಕುಳಿತಿದ್ದರು. ಆಮ್ರಪಾಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲ ಪಕ್ಕದ ಗೋಡೆಗೆ ಒರಗಿದ್ದಳು. ಬಸವಕಲ್ಯಾಣಕ್ಕೆ ಜೀಪು ಓಡಿಸುವ ಅವಳ ಗಂಡ ಸಂಘಪಾಲ ಹೊಸ್ತಿಲಲ್ಲಿ ಕೂತು, ಮೇಣದಬತ್ತಿಯ ಬೆಳಕಿನಲ್ಲಿ ಚಿಂದಿಯಿಂದ ಬಾಗಿಲ ಚೌಕಟ್ಟು ತಿಕ್ಕುತ್ತಿದ್ದ.

“ಹೊಸಾ ಬಾಗಲಾ ನೋಡ್ರಿ. ಯಾವನೋ ದಿನಾ ಬಂದು ಮೊಣಕಾಲ ಮಟ್ಟ ಕರಿ ಆಯಿಲ್ ಒರಸಿ ಹೋಗಾಕತ್ತಾನ. ಕೈಯಾಗ ಸಿಗಲಿ, ಕಾಲ ಮುರೀತೀನಿ.”

“ನಿಮ್ಮ ಮೈದೇ ಇರಬೇಕ್ರಿ ಭಯ್ಯಾ,” ಎಂದು ಪಕ್ಕದ ಮನೆಯ ಶಾಯಿಸ್ತಾ ನಕ್ಕಳು. “ಗಾಡಿಗಿಂತಾ ನೀವಾ ಹೆಚ್ಚ ಆಯಿಲ್ ಕುಡೀತೀರಿ.”

ಎಲ್ಲರೂ ನಕ್ಕರು. ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಗಿರಿಜಾಬಾಯಿ ನಗಲಿಲ್ಲ. ಈ ಪ್ಲಾಟುಗಳು ಹೊಲವಾಗಿದ್ದಾಗ ಇಲ್ಲೇ ಕೂಲಿ ಮಾಡಿ ಮುದುಕಿಯಾದವಳು ಆಕೆ. ಗೋಡೆ ಹಿಡಿದು ಎದ್ದು ಬಂದು ಚೌಕಟ್ಟನ್ನು ಬೆರಳಿಂದ ಮುಟ್ಟಿ ಮೂಸಿದಳು. ಆಮೇಲೆ ಆಮ್ರಪಾಲಿಯ ಕಡೆ ತಿರುಗಿದಳು.

“ಕೂಸಿಗಿ ಏನ ಹಚ್ಚೀದಿ ಯವ್ವಾ?”

“ಪೌಡರ್ರಿ ಆಯಿ.”

ಮುದುಕಿ ಅಲ್ಲೇ, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು.

“ಹಂಗಾರ ಕೇಳ್ರಿ... ಇದೆಲ್ಲಾ ಆವಾಗ ಬಸವಣಪ್ಪ ಸಾವಕಾರ್ರ ಕಬ್ಬಿನ ಹೊಲಾ. ಅಡವಿ ಹಂದಿ ಒಂದು ಹಿಂಡು ಹೊಕ್ಕಿತಂದ್ರ ಬೆಳಗಾಗೂದ್ರಾಗ ಕಬ್ಬೆಲ್ಲಾ ಚಾಪಿ ಹಾಸಿದಂಗ ಬಿದ್ದಿರತಿತ್ತು. ಅದಕ್ಕ ಸಾವಕಾರ್ರು ಹಂದಿ ಹಿಡಿಯೂ ಬೇಮಳಖೇಡದ ನರಸಿಂಗನ್ನ ತಂದು, ಹೊಲದಾಗ ಗುಡಸಲಾ ಹಾಕಿಸಿ ಇಟ್ಟಿದ್ರು. ಅವ ಏನ ಮಾಡಾಂವ? ಹೈವೇ ಗ್ಯಾರೇಜಿನಿಂದ ಲಾರಿ ಸುಟ್ಟ ಆಯಿಲ್ ಡಬ್ಬಿಗಟ್ಲೆ ತಂದು, ಒಂದು ಜಾಲಿ ಕಂಬಾ ನೆಟ್ಟು ಅದಕ್ಕ ಬಳಿಯಾಂವ. ಆ ವಾಸನಿ ಅಂದ್ರ ಹಂದಿಗಿ ಹುಚ್ಚು! ಉಣ್ಣಿ ಸಾಯ್ಲಿ ಅಂತ ಬಂದು ಮೈ ತಿಕ್ಕತಾವ. ಕಂಬದ ಬುಡಕ್ಕ ಕ್ಲಚ್ ವಾಯರಿನ ಉರಲು. ಕಾಲಿಗಿ ಬಿತ್ತಂದ್ರ ಎಳದಷ್ಟೂ ಬಿಗೀತದ, ಎಲುಬಿನ ತನಾ... ಆಮ್ಯಾಲ ಕೊಡಲಿಲೆ ನೆತ್ತಿಗಿ ಒಂದಾ ಪೆಟ್ಟು.

“ನರಸಿಂಗನ ಅಪ್ಪ ಸಾಯೂ ಮುಂದ ಮಗಗ ಹೇಳಿದ್ನಂತ, ‘ಗ್ಯಾರೇಜಿನ ವಾಸನಿಗಿ ಮಾಲಕ ಇಲ್ಲ, ಬೇಕಾದಷ್ಟ ಹಚ್ಚು. ಮನಿ ವಾಸನಿ ಮಾತ್ರ ಹೊಲಕ್ಕ ಒಯ್ಯಬ್ಯಾಡ. ಅದರ ಬೆನ್ನ ಹತ್ತಿ ಬಂದದ್ದು ಮನಿ ತನಾ ಬರ್ತದ’ ಅಂತ.

“ಹಂದಿ ಏನು ಧಡ್ಡ ಅಂತ ತಿಳದೀರಿ? ಆ ಹಿಂಡಿನಾಗ ಒಂದು ಮುದಿ ಹೆಣ್ಣಿತ್ತು. ದೂರದಿಂದಾ ಮೂಗ ಎತ್ತಿ ಮೂಸಿ, ಹಿಂಡನ್ನಾ ಹೊಳ್ಳಿಸ್ಕೊಂಡು ಹೋಗೂದು. ಸಾವಕಾರ್ರು ನಾಕ ಮಂದಿ ಎದುರಾ ಅಂದ್ರು, ‘ಏನೋ ನರಸಿಂಗಾ, ಹಂದಿ ಹಿಡೀಲಾಕ ಬಂದೀಯೋ, ಹಂದಿಗಿ ಎಣ್ಣಿ ನೀರು ಹಾಕಲಾಕ ಬಂದೀಯೋ?’ ಅವಂಗ ಮಾರಿ ಎತ್ತದಂಗ ಆತು. ಸೀಮೆಎಣ್ಣಿ ಹಚ್ಚಿದ, ಡಾಂಬರ ಗುಳಿಗಿ ಪುಡಿ ಮಾಡಿ ಉಗ್ಗಿದ, ಹೆಂಡ್ತಿ ತಲಿಗಿ ಹಚ್ಚೂ ಎಣ್ಣಿನೂ ಒಯ್ದ. ಹೆಂಡ್ತಿ ಕೇಶರಬಾಯಿ ಬಾಯಿ ಮಾಡಿದಳು, ‘ನಾಳೆ ನನ್ನ ಸೀರಿನೂ ಒಯ್ದು ಆ ಹಂದಿಗಿ ಉಡಸು!’ ಅಂತ. ಯಾವುದಕ್ಕೂ ಬರಲಿಲ್ಲ ಅದು.

“ಅವರದು ಒಂದು ಹಸಗೂಸಿತ್ತು, ಧನಶ್ರೀ ಅಂತ. ಒಂದಿನಾ ಕೇಶರಬಾಯಿ ನೀರಿಗಿ ಹೋದಾಗ, ಕೂಸಿನ ಮೈ ಒರಸಿದ ಅರಿವಿ, ಹಾಲು ಪೌಡರ್ ನಾರೂ ಅರಿವಿ, ಡೀಸೆಲಿನಾಗ ಅದ್ದಿ ಒಯ್ದು ಕಂಬಕ್ಕ ಕಟ್ಟಿದ.

“ಹೊತ್ತ ಮುಣಗೂದ್ರಾಗ ಬಂತು. ಯಾಕ ಬಂತು? ಗಬ್ಬಿತ್ತು ಅದು, ತುಂಬಿದ ಗಬ್ಬು... ಕೂಸಿನ ವಾಸನಿಗಿ ಬಂತು. ಕಾಲ ಸಿಕ್ತು. ಒಂದ ಪೆಟ್ಟಿಗಿ ಸಾಯಲಿಲ್ಲ. ವಾಯರು ಎಲುಬು ಕೊರದು ಕಾಲ ಜೋತಾಡಿದ್ರೂ ಅವನ ಮ್ಯಾಲ ಹಾಯ್ದು ಬರೂದು. ತಲಿ ಒಡದು ಬಾಯಾಗಿಂದ ರಗತ ಉಕ್ಕೂ ತನಾ ಹೊಡದ. ಹೊಟ್ಟಿ ಸೀಳಿದ್ರ ಒಳಗ ಮರಿ ಮಿಸುಕಾಡಾಕತ್ತಿದ್ವು. ಅವನ್ನೂ ಒಂದೊಂದಾ ಹಿಡದು ಕಲ್ಲಿಗಿ ಬಡದ. ಬಡದು, ಕೈ ಯಾತಕ್ಕ ಒರಸ್ಕೊಂಡ? ಅದಾ ಕೂಸಿನ ಅರಿವಿಗಿ.”

ಆಮ್ರಪಾಲಿಗೆ ಅರಿವಿಲ್ಲದೆಯೇ ಅವಳ ಕೈ ಮಗುವಿನ ಕೆನ್ನೆ ಒರೆಸತೊಡಗಿತ್ತು. ಬಾಗಿಲಲ್ಲಿ ಚಿಂದಿಯ ಸದ್ದು ನಿಂತಿತ್ತು.

“ಮುಂಜಾನೆ ಎದ್ದು ನೋಡಿದ್ರ ಗುಡಸಲಾ ಬಾಗಲಕ್ಕ ಕರಿ ಆಯಿಲ್. ಅದರಾಗ ಒರಟ ಕೂದಲಾ. ಮರುದಿನಾ ಒಳಗಿನ ಕಂಬಕ್ಕ... ಆಮ್ಯಾಲ ಒಂದಿನಾ ತೊಟ್ಟಲದ ಹಗ್ಗ ಕರ್ರಗಾಗಿತ್ತು. ನೆಲದ ಮ್ಯಾಲ ಮೂರ ಕಾಲಿನ ಹೆಜ್ಜಿ, ನಾಕನೇದು ಎಳದ ಗೆರಿ. ಕೂಸು ಅಳಲಿಲ್ಲ ತಂಗಿ, ಕಣ್ಣ ತಕ್ಕೊಂಡು ಸುಮ್ನ ಮಲಗಿತ್ತು, ಯಾರೋ ಮೂಸಾಕತ್ತಾರೇನೋ ಅನ್ನೂವಂಗ. ಬೇವಿನ ನೀರು ಹಾಕಿ ತೊಳದ್ರು, ಅರಿವಿ ಸುಟ್ರು. ಕೇಶರಬಾಯಿ ಕೂಸಿನ್ನ ಎತಗೊಂಡು ಬಸವಕಲ್ಯಾಣಕ್ಕ ತವರಮನಿಗಿ ಓಡಿದಳು. ಅಲ್ಲಿ ಬಾಗಲಕ್ಕೂ ಬಂತು! ವಾಸನಿಗಿ ಊರ ಯಾವುದು, ಕೇರಿ ಯಾವುದು?

“ನರಸಿಂಗ ಅತ್ತಿಮನಿಗಿ ಹೋದ. ಪೌಡರ್ ಡಬ್ಬಿ ತಕ್ಕೊಂಡ, ಕೂಸು ಮಲಗೂ ಕೌದಿ ತಕ್ಕೊಂಡ. ‘ಎಲ್ಲಿಗಿ ಹೊಂಟಿ?’ ಅಂದಳು ಕೇಶರಬಾಯಿ. ‘ಉರಲು ಹಾಕಾಕ’ ಅಂದ. ಹೊಲಕ್ಕ ಬಂದು ಅಂಗಿ ಕಳದು ಮೈತುಂಬ ಸುಟ್ಟ ಆಯಿಲ್ ಹಚ್ಚಿಕೊಂಡ, ಅದರ ಮ್ಯಾಲ ಡಬ್ಬಿ ಪೌಡರೆಲ್ಲಾ ಸುರಕೊಂಡ, ಕೌದಿ ಹೊದಕೊಂಡ. ಅಂಜಿ ಓಡಿ ಹೋಗಬಾರದಂತ ತನ್ನ ಕಾಲ ತಾನಾ ಉರಲಾಗ ಇಟ್ಟು ಎಳಕೊಂಡ...

“ಕಬ್ಬ ಕಡಿಯಾಕ ಹೋದಾಗ ನಾವಾ ನೋಡಿದ್ವಿ. ಎದಿಯಿಂದ ಕೆಳಗ ಸೀಳಿತ್ತು, ಅವ ಹ್ಯಾಂಗ ಸೀಳಿದ್ದನೋ ಹಂಗಾ. ವಾಯರು ಎಲುಬಿಗಿ ಕೂತಿತ್ತು. ಬೆನ್ನಿನ್ಯಾಗ ತೊಗಲಾ ಇರಲಿಲ್ಲ... ಕಂಬಕ್ಕ ತಿಕ್ಕಿ ತಿಕ್ಕಿ ಹೋಗಿತ್ತು.

“ಕೂಸು ಉಳೀತು. ಈಗ ಅದಕ್ಕಾ ಮಕ್ಕಳಾಗ್ಯಾವ. ಖರೇ, ನರಸಿಂಗ ಎಲ್ಲೂ ಹೋಗಲಿಲ್ಲ. ಮುಚ್ಚಂಜಿ ಆತಂದ್ರ ಕಂಬದ ಬಗಲಿಗಿ ಬೆಳ್ಳಗ ನಿಂತಿರತಿದ್ದ. ಅವನ ಹಿಂದ ಕಬ್ಬು ತಾನಾ ಅಲಗ್ಯಾಡೂದು. ಅವನ್ನ ನೋಡಿದ್ರ ನಮಗ ಅಂಜಿಕಿಲ್ಲ. ಬಗಲಾಗ ಕೂಸಿದ್ದಾಕಿ ಕೈ ಮುಗದು ಹೋಗತಿದ್ದಳು. ಅವ ನಿಂತಾನಂದ್ರ ಆ ಹಂದಿ ಅಲ್ಲೇ ಅದ, ಮನಿ ತನಾ ಬರೂದಿಲ್ಲ ಅಂತ.”

“ಈಗ್ರಿ ಆಯಿ?” ಎಂದಳು ಆಮ್ರಪಾಲಿ.

“ಈಗ ಕಬ್ಬೆಲ್ಲದ ಯವ್ವಾ? ಹೊಲಾ ಪ್ಲಾಟಾತು. ಜೆಸಿಬಿ ಬಂದು ಆ ಕಂಬಾ ಕಿತ್ತ ಒಗೀತು. ಅವತ್ತಿನಿಂದ ನರಸಿಂಗ ಯಾರ ಕಣ್ಣಿಗೂ ಬಿದ್ದಿಲ್ಲ.”

ಸಂಘಪಾಲ ಮೆಲ್ಲಗೆ ಎದ್ದು ನಿಂತ. ಒಮ್ಮೆ ಮಗುವನ್ನು ನೋಡಿದ, ಒಮ್ಮೆ ಹೊರಗಿನ ಕತ್ತಲನ್ನು ನೋಡಿದ.

“ಆ ಕಂಬಾ ಎಲ್ಲಿತ್ರಿ ಆಯಿ?”

ಆಮ್ರಪಾಲಿ ಕೈ ಚಾಚಿ ಅವನ ಪ್ಯಾಂಟು ಹಿಡಿದುಕೊಂಡಳು. ಗಿರಿಜಾಬಾಯಿ ಹೊರಳಿ ಅವನ ಮುಖ ನೋಡಿದಳು.

“ಕೇಳಬ್ಯಾಡ ಮಗಾ... ಆ ಕಂಬಕ್ಕೀಗ ಇನ್ನೊಬ್ಬ ಅಪ್ಪ ಬೇಕಾಗ್ಯಾನ.”