ಸೀಕರಣಿ ಬಟ್ಟಲಿನಲ್ಲಿ ವೈನ್ ಬಡಿಸಿದ ಬಗ್ಗೆ

ಹೆಸರು: ಶಿವಲಿಂಗವ್ವ ಕೋಂ ಶಿವಯೋಗೆಪ್ಪ ಹಳ್ಳೂರ. ವಯಸ್ಸು: 76. ಉದ್ಯೋಗ: ಮನೆತನ ಮತ್ತು ದ್ರಾಕ್ಷಿ ತೋಟ. ಶಿಕ್ಷಣ: ಮ್ಯಾಟ್ರಿಕ್. ಸಾ. ಅಸಂಗಿ, ತಾ. ಜತ್ತ, ಜಿ. ಸಾಂಗಲಿ.

ನಾನು ಸ್ವತಃ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನನಗೆ ಮರಾಠಿ ಬರುತ್ತದೆ. ಆದರೂ ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಆದ್ದರಿಂದ ಹೇಳಿಕೆಯನ್ನು ಕನ್ನಡದಲ್ಲೇ ಬರೆಸಿದ್ದೇನೆ.

ಸೊರಡಿಯಲ್ಲಿ ವಾಸವಿರುವ ನನ್ನ ಮೈದುನ ಶಂಕರಲಿಂಗ, ವಯಸ್ಸು 71, ನಿನ್ನೆ ಒಂದು ದೂರು ಕೊಟ್ಟಿದ್ದಾನೆ. ನನ್ನ ಮೊಮ್ಮಗ ಸೋಮನಾಥನ ಹೆಂಡತಿ ಸೋನಾಲಿ ಪಾನಕವೆಂದು ಸುಳ್ಳು ಹೇಳಿ ತನಗೆ ಮದ್ಯ ಕುಡಿಸಿದಳೆಂದು ಅದರಲ್ಲಿದೆ. ಸೋನಾಲಿ ನಮ್ಮ ಮನೆಗೆ ಬಂದು ಆರು ತಿಂಗಳಾಗಿದೆ.

ನಮ್ಮ ತೋಟದ ಬಳ್ಳಿಗಳನ್ನು ನೆಟ್ಟವರು ನನ್ನ ಯಜಮಾನರು. ಬಳ್ಳಿಗಳು ಎಳೆಯವಿದ್ದಾಗ ಎತ್ತಿನ ಬಂಡಿಯಲ್ಲಿ ಬ್ಯಾರಲ್ ಕಟ್ಟಿ ನೀರು ತಂದು ಹಾಕಿದವನು ಇದೇ ಶಂಕರಲಿಂಗ. ಮುಂದೆ ಒಣದ್ರಾಕ್ಷಿಯ ಶೆಡ್ ಹಾಕಿದೆವು. ಚೈತ್ರದಲ್ಲಿ ಬಲೆಗಳ ಮೇಲೆ ದ್ರಾಕ್ಷಿ ಒಣಗುವಾಗ ಆ ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಮೊದಲ ಹಿಡಿಯನ್ನು ಯಜಮಾನರು ನನ್ನ ಸೆರಗಿಗೇ ಹಾಕುತ್ತಿದ್ದರು. ಇದು ಪ್ರಕರಣಕ್ಕೆ ಬೇಕಿಲ್ಲವೆಂದು ಹವಾಲ್ದಾರರು ಹೇಳಿದರು. ಬೇಕೆಂದು ನಾನು ಹೇಳಿದ್ದರಿಂದ ಬರೆದುಕೊಂಡಿದ್ದಾರೆ. ಯಜಮಾನರು ತೀರಿ ಹನ್ನೆರಡು ವರ್ಷವಾಯಿತು. ಅಂದಿನಿಂದ ಮೈದುನನು ಅಣ್ಣನ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಶೆಡ್ ಈಗಿಲ್ಲ.

ಹೋದ ವರ್ಷ ಕೆಲವು ಸಾಲಿನ ಹಣ್ಣನ್ನು ಬಳ್ಳಿಯಲ್ಲೇ ಬಾಡಲು ಬಿಟ್ಟು ಒಂದು ವೈನ್ ಕಾರ್ಖಾನೆಗೆ ಕೊಟ್ಟೆವು. ಅವರು ಅದರಿಂದ ತಯಾರಿಸಿದ ಸಿಹಿ ವೈನಿನ ಒಂದು ಬಾಟಲಿ ಕಳಿಸಿದರು. ದಿನಾಂಕ 18-01-2026 ರವಿವಾರ ಶಂಕರಲಿಂಗ ಮತ್ತು ಅವನ ಹೆಂಡತಿ ಯಮನವ್ವಳನ್ನು ಊಟಕ್ಕೆ ಕರೆದಿದ್ದೆವು. ಸೋನಾಲಿ ತವರಿನಿಂದ ತಂದ ಕರೆಂಟಿನ ಒಲೆಯಲ್ಲಿ ಬಾದಾಮಿ ಮತ್ತು ಒಣಕೊಬ್ಬರಿಯ ಮಕರೂನ್ ಎಂಬ ಬಿಸ್ಕೀಟು ಮಾಡಿದ್ದಳು. ಅದಕ್ಕೆ ತತ್ತಿ ಬೇಕಾಗುತ್ತದೆಂದು ನಾನು ಕೇಳಿ ತಿಳಿದಿದ್ದೆ. ಅವಳು ನಮ್ಮ ಮನೆಯಲ್ಲಿ ನಡೆಯದ ತತ್ತಿಯ ಬದಲು ಕಡಲೆ ಬೇಯಿಸಿದ ಕಟ್ಟನ್ನು ನೊರೆ ಬರುವಂತೆ ಕಡೆದು ಹಾಕಿದಳು. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ರಾತ್ರಿ 8 ಗಂಟೆಗೆ ಊಟ ಮುಗಿಯಿತು. ಸೋನಾಲಿ ಬಾಟಲಿ ತೆರೆದಳು. ಶೆಡ್ಡಿನ ವಾಸನೆ ಬಂತು. ಎರಡು ಬೆರಳಷ್ಟೇ ಹಾಕಬೇಕೆಂದು ಅವಳು ಹೇಳಿದಳು. ಈ ಮನೆಯಲ್ಲಿ ಅರ್ಧ ಬಟ್ಟಲು ಬಡಿಸಿದ ರೂಢಿಯಿಲ್ಲವೆಂದು ನಾನು ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಮಾವಿನಹಣ್ಣಿನ ಸೀಕರಣಿಗೆಂದು ಇಟ್ಟ ಬೆಳ್ಳಿ ಬಟ್ಟಲುಗಳಲ್ಲಿ ತುಂಬ ಸುರಿದೆ. ಆಗ ಸೋನಾಲಿ ಮೈದುನನಿಗೆ ಎಲ್ಲರೆದುರು ಹೇಳಿದ ಮಾತು ಇದು:

"ಅಜ್ಜಾ, ಇದು ವೈನ್ ಐತ್ರಿ, ನಶಾ ಏರ್ತೈತಿ. ಬ್ಯಾಡಂದ್ರ ನಿಮಗ ಪಾನಕ ಮಾಡಿ ಕೊಡ್ತೀನ್ರಿ."

ಅದಕ್ಕೆ ಅವನು, "ನಾ ನೀರ ಹೊತ್ತ ಬೆಳಸಿದ ಬಳ್ಳಿ ನನಗೇನ್ ಮಾಡ್ತೈತವಾ? ನೀ ಹಾಕಸು" ಎಂದನು. ಇಷ್ಟು ದಿನ ಚಹಾಕ್ಕೂ ಸಕ್ಕರೆ ಬೇಡವೆನ್ನುತ್ತಿದ್ದವರು ಇಂದು ಬಟ್ಟಲು ಮುಂದೆ ಮಾಡಿದರೆಂದು ಯಮನವ್ವ ಚೇಷ್ಟೆ ಮಾಡಿದಳು.

ಅವನು ಮಕರೂನ್ ಅದ್ದಿಕೊಂಡು ಒಂದು ಬಟ್ಟಲು ಮುಗಿಸಿದನು. ನಮ್ಮಲ್ಲಿ ಉಣ್ಣುವವರು ಕೈ ಅಡ್ಡ ಹಿಡಿದರೂ ಸಿಹಿಯನ್ನು ಆಣೆ ಇಟ್ಟು ಬಡಿಸುತ್ತೇವೆ. ನಾನು ಅವನ ಅಣ್ಣನ ಆಣೆ ಇಟ್ಟು ಎರಡನೆಯದು, ಮೂರನೆಯದು ಹಾಕಿದೆ. ಮೂರನೆಯ ಬಟ್ಟಲನ್ನು ಅವನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದನು. ಆಮೇಲೆ, "ಅಣ್ಣನ ಶೆಡ್ಡಿನ್ಯಾಗ ಕುಂತಂಗ ಆತು, ಅತ್ತಿಗೆವ್ವಾ" ಎಂದು ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತನು. ನಾನು ಬಟ್ಟಲುಗಳನ್ನು ಎತ್ತಿ ಒಳಗೆ ಹೋದೆ.

ಮರುದಿನ ಯಮನವ್ವ ಸೊರಡಿಯ ಹಿಟ್ಟಿನ ಗಿರಣಿಯಲ್ಲಿ ಇದನ್ನು ನಗುತ್ತ ಹೇಳಿದಳು. ಸಂಜೆಗೆ ಅವನು ಕುಡಿದು ಅತ್ತನೆಂದು ಊರೆಲ್ಲ ಮಾತಾಯಿತು. ತಿಳಿದೇ ಕುಡಿದೆನೆಂದು ಹೇಳಲಾರದೆ ಅವನು ಸೋನಾಲಿಯ ಹೆಸರು ಬರೆಸಿದ್ದಾನೆ. ಸೋನಾಲಿ ತವರಿಗೆ ಮರಳಲೆಂದು ತನ್ನ ಆ ಒಲೆಯನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದಾಳೆ. ಅದನ್ನು ಅಲ್ಲಿಂದ ತೆಗೆಸಬೇಕೆಂದೇ ನಾನು ಇಲ್ಲಿಗೆ ಬಂದಿದ್ದೇನೆ.

ಹುಡುಗಿ ಮೋಸ ಮಾಡಿಲ್ಲ. ಸುರಿದ ಕೈ ನನ್ನದು, ಆಣೆ ನನ್ನದು. ಪ್ರಕರಣ ಹೂಡುವುದಾದರೆ ನನ್ನ ಮೇಲೆ ಹೂಡಬೇಕು. ಮೈದುನನ ಮೇಲೆ ನನ್ನ ದೂರಿಲ್ಲ. ಅಣ್ಣನಿಗಾಗಿ ಅತ್ತವನು ನಾಚಬೇಕಾದ ಕಾರಣವಿಲ್ಲ. ಬಾಟಲಿಯಲ್ಲಿ ಇನ್ನೊಂದು ಬಟ್ಟಲಿನಷ್ಟು ಉಳಿದಿದೆ. ಅದನ್ನು ಹಾಜರುಪಡಿಸಲು ಹೇಳಿದ್ದಾರೆ, ಹಾಜರುಪಡಿಸುತ್ತೇನೆ. ಕೆಲಸ ಮುಗಿದ ಮೇಲೆ ಮರಳಿ ಕೊಡಬೇಕು. ಅದು ಶಂಕರಲಿಂಗನ ಪಾಲು.

ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಹೆಬ್ಬೆಟ್ಟಿಗೆಂದು ಮುಂದಿಟ್ಟ ಶಾಯಿ ಡಬ್ಬಿಯನ್ನು ಹಿಂದಕ್ಕೆ ಸರಿಸಿ ಸಹಿ ಮಾಡಿದ್ದೇನೆ.

ಸ್ಥಳ: ಜತ್ತ
ದಿನಾಂಕ: 21-01-2026

(ಸಹಿ) ಶಿವಲಿಂಗವ್ವ ಶಿವಯೋಗೆಪ್ಪ ಹಳ್ಳೂರ