ಮೇಜಿನ ಕಾಲಿನ ವೀಡಿಯೋ

...ಅಲ್ಲ ಅಲ್ಲ, ತೆಗಿ ಆ ವೈರು! ತೆಗಿ ಅಂದೆ. ಅದು ಬರೀ ಫೋಟೋ ಎಳ್ಕೊಳ್ಳೋ ವೈರು ಕಣೋ. ಬೆಳಗ್ಗೆಯಿಂದ ಅದನ್ನೇ ಚುಚ್ತಿದೀಯಲ್ಲ, ಕಂಪ್ಯೂಟರಿಗೆ ಇಂಜೆಕ್ಷನ್ ಕೊಡ್ತಿದೀಯಾ? ಟೇಪ್ ಕ್ಯಾಮೆರಾದ ವೀಡಿಯೋ ವೈರೇ ಬೇರೆ. ತಗೋ, ಸ್ಟುಡಿಯೋದಿಂದ ತಂದಿದೀನಿ. ಆ ಕಡೆ ಅಲ್ವೋ! ಚಿಕ್ಕ ಮೂತಿ ಕ್ಯಾಮೆರಾಕ್ಕೆ. ಅಯ್ಯೋ ನನ್ನ ಕರ್ಮವೇ!

ಏನು, ನಿನ್ನ ಮೂಗೇ ಕಾಣ್ತಿದೆಯಾ? ಕಾಣದೆ ಇನ್ನೇನು? ಶೂಟಿಂಗ್ ಕಡೆ ಇಟ್ಟಿದೀಯ, ಪ್ಲೇ ಕಡೆ ತಿರುಗಿಸು. ಕೆಂಪು ಗುಂಡಿ ಒತ್ತಿಗಿತ್ತೀಯ, ಜೋಕೆ! ಅಪ್ಪ ಅಳಿಸಿಹೋಗಿ ನಿನ್ನ ಮೂಗು ಉಳಿಯತ್ತೆ. ಯಾಕೆ ನಗ್ತೀಯ? ನಗೋ ವಿಷಯಾನಾ ಇದು? ನಾಳೆಗೆ ಅಪ್ಪ ಹೋಗಿ ವರ್ಷ. ಚಿಕ್ಕಪ್ಪ, ಅತ್ತೆ, ಎಲ್ಲರೂ ಬರ್ತಾರೆ. ಅಪ್ಪನ ದನಿ ಅಂತ ಉಳಿದಿರೋದು ಇದೊಂದೇ ಟೇಪಲ್ಲಿ. ಇಪ್ಪತ್ತು ವರ್ಷದಿಂದ ಊರವರ ಮದುವೆ ವೀಡಿಯೋ ಎಲ್ಲ ಕತ್ತರಿಸಿ ಅಂಟಿಸಿದೋಳು ನಾನು. ಅಕ್ಕಂಗೆ ಮೊದಲೇ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?

ಹಾಂ, ಬಂತು. ಸ್ಪೀಕರೂ ಕೆಟ್ಟಿದೆಯಾ? ಭಲೇ! ಹೆಡ್‌ಫೋನ್ ಹಾಕ್ಕೋ ಹಾಗಾದ್ರೆ. ನೋಡು ಅಪ್ಪನ್ನ... ದಿಂಬಿಗೆ ಒರಗಿ ಹೇಗೆ ಕೂತಿದಾರೆ. ಚಿತ್ರ ಯಾಕೋ ಇಷ್ಟು ಕುಣೀತಿದೆ? ಅರ್ಧ ತಲೆ ಹೊರಗೇ ಬಿಟ್ಟಿದೀಯ. ಆ ಅಂಗಿ ಒಗೆದು ಇಸ್ತ್ರಿ ಮಾಡಿದ್ದು ನಾನು. ಗಡ್ಡ ಹೆರೆದಿದ್ದು ನಾನು. ನೀನು? ಮೂರು ತಿಂಗಳಿಗೊಮ್ಮೆ ನೆಂಟನ ಹಾಗೆ ಬಂದು, 'ಅಪ್ಪಾ, ಈ ಕಡೆ ನೋಡಿ, ಸ್ವಲ್ಪ ನಗಿ.' ಅಷ್ಟೇ ನಿನ್ನ ಸೇವೆ! 'ಮಗಳು ಅಂದ್ರೆ ಹೀಗಿರ್ಬೇಕು' ಅಂತ ಅತ್ತೆ ಇವತ್ತಿಗೂ ಕಣ್ಣೊರೆಸ್ಕೋತಾರೆ, ಸುಮ್ನೆ ಅಲ್ಲ.

ಮುಟ್ಬೇಡ! ಮಧ್ಯೆ ನಿಲ್ಲಿಸೋ ಹಾಗಿಲ್ಲ. ಒಂದು ಗಂಟೆ ಟೇಪ್ ಒಂದು ಗಂಟೆ ಓಡ್ಲೇಬೇಕು, ಆಗ್ಲೇ ಒಳಗೆ ಇಳಿಯೋದು. ಅಷ್ಟೂ ತಿಳಿಯದ ಮೇಲೆ ಕ್ಯಾಮೆರಾ ಯಾಕೆ ಕೊಂಡ್ಕೊಂಡೆಯೋ...

ಇದೇನಿದು? ಮೇಜಿನ ಕಾಲು! ಅಯ್ಯೋ ಪೆದ್ದಾ, ಕ್ಯಾಮೆರಾ ಆಫ್ ಮಾಡದೆ ಕುರ್ಚಿ ಮೇಲಿಟ್ಟು ಎದ್ದು ಹೋಗಿದೀಯ! ಇನ್ನುಳಿದ ಟೇಪೆಲ್ಲ ಮೇಜಿನ ಕಾಲೇ ಇರ್ಬೇಕು. ನಾಳೆ ಇದನ್ನೇ ತೋರಿಸೋಣ, ಎಲ್ಲರೂ ಚಪ್ಪಾಳೆ ತಟ್ತಾರೆ. ಇರ್ಲಿ, ಆಮೇಲೆ ಕತ್ತರಿಸಿ ಎಸೆದ್ರಾಯ್ತು.

ಏನೋ? ಕೈ ಯಾಕೆ ಎತ್ತಿದೆ? ನಾನು ಸುಮ್ನಿರ್ಬೇಕಾ? ನಂಗೇ ಹೇಳ್ತೀಯಾ! ಏನು ಕೇಳ್ತಿದೆ ಅಲ್ಲಿ? ಬೀದಿಯ ಗಾಡಿ ಸದ್ದಿರ್ಬೇಕು... ಮುಖ ಯಾಕೆ ಹಾಗೆ ಮಾಡ್ದೆ?

ಇದು... ನೀನು ಮಾತ್ರೆ ತರೋಕೆ ಅಂಗಡಿಗೆ ಹೋದ ದಿನಾನಾ? ನಿಲ್ಸು. ನಿಲ್ಸು ಅಂದೆ! ಹೌದು, ನಾನೇ ನಿಲ್ಲಿಸಬಾರದು ಅಂದಿದ್ದು, ಈಗ ನಾನೇ ಹೇಳ್ತಿದೀನಿ, ನಿಲ್ಸು.

ನನ್ನನ್ನ ಹಾಗೆ ನೋಡ್ಬೇಡ. ಒಂದು ವಾರ, ಒಂದೇ ವಾರ ಅಪ್ಪನ ಜೊತೆ ಇದ್ದು ನೋಡಿದೀಯಾ? ಅವತ್ತು ಮಧ್ಯಾಹ್ನದೊಳಗೆ ಮೂರನೇ ಸಲ ಹಾಸಿಗೆ ಒದ್ದೆ ಮಾಡ್ಕೊಂಡಿದ್ರು. ಮೂರನೇ ಸಲ! ಬಟ್ಟೆ ಬದಲಾಯಿಸ್ತಾ ಬಾಯಿಗೆ ಬಂದಿದ್ದು ಅಂದಿರ್ಬಹುದು. ಯಾರು ಅನ್ನಲ್ಲ, ಹೇಳು? ಆದ್ರೆ 'ನೀವು ಸತ್ರೆ ನಂಗೆ ಒಂದು ದಿನನಾದ್ರೂ ನಿದ್ದೆ ಸಿಗತ್ತೆ' ಅಂತ ನಾನು ಅನ್ನಲಿಲ್ಲ. ಅನ್ನಲೇ ಇಲ್ಲ ಕಣೋ.

ಬೇಕಾದ್ರೆ ಬೈದ್ಬಿಡು.

ಹೆಡ್‌ಫೋನ್ ನನ್ನ ಕಡೆ ಯಾಕೆ ಚಾಚ್ತೀಯ? ಬೇಡ. ನಂಗೆ ಬೇಡ ಅದು... ಅಷ್ಟು ಅಂದವಳೇ ದಡಾರಂತ ಬಾಗಿಲು ಹಾಕ್ಕೊಂಡು ಬಂದ್ಬಿಟ್ಟೆ ಕಣೋ. ಅಪ್ಪ ಹಿಂದಿನಿಂದ ಏನೋ ಅಂದ್ರು. ನಾನು ನಿಲ್ಲಲಿಲ್ಲ. ನೀನು ಈಗ ಕೇಳಿಸ್ಕೊಂಡೆಯಲ್ಲ, ಹೇಳೋ... ಏನಂದ್ರು ಅಪ್ಪ?